ನೆಲದ ಮೇಲೆ ಕೂತವರು

ಜೂನ್ ೧೪

ಪುಟ್ಟೀ,

ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಹೇಗಿರುತ್ತದೆಂದು ನಿನಗೂ ಗೊತ್ತು. ನಾನು ಒಂದು ವಾಕ್ಯ ಶುರುಮಾಡುವಷ್ಟರಲ್ಲಿ ನೀನು ಅದರ ಬಾಲ ಹಿಡಿದು ಎಳೆಯುತ್ತೀಯ. ನೀನು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟಿರುತ್ತೇನೆ. ಹೋದ ವಾರ ಫೋನಿಟ್ಟ ಮೇಲೆ ಏನು ಮಾತಾಡಿದೆವೆಂದು ನೆನಪಿಸಿಕೊಳ್ಳಲು ನೋಡಿದೆ. ಯಾರು ಗೆದ್ದರು ಅನ್ನುವುದೊಂದೇ ನೆನಪಿಗೆ ಬಂತು. ಅದಕ್ಕೇ ಈ ಕಾಗದ. ಇದು ಮುಗಿಯುವವರೆಗೆ ನೀನು ಸುಮ್ಮನಿರಲೇಬೇಕು.

ನನಗೆ ಕೆಲಸ ಸಿಕ್ಕಿದೆ. ಅದೂ ನಿಮ್ಮ ಇಲಾಖೆಯಲ್ಲಿ. ನೀನು ಸಬ್ ಇನ್ಸ್‌ಪೆಕ್ಟರ್ ಆಗಿ ಹೊರಬಿದ್ದ ಅದೇ ತರಬೇತಿ ಶಾಲೆಯಲ್ಲಿ ಹೊಸದೊಂದು ತರಗತಿ ತೆರೆದಿದ್ದಾರೆ. ದಿಕ್ಕೆಟ್ಟವರ ಮುಂದೆ, ಬಾಗಿಲು ಹಾಕಿಕೊಂಡು ಕೂತವರ ಮುಂದೆ, ಜೀವ ಬೇಡವೆಂದು ಮಹಡಿ ಹತ್ತಿದವರ ಮುಂದೆ ಪೊಲೀಸರು ಹೇಗೆ ಮಾತಾಡಬೇಕು, ಕೈ ಮಾಡದೆ ಅವರನ್ನು ಹೇಗೆ ಸಮಾಧಾನಕ್ಕೆ ತರಬೇಕು ಎಂದು ಕಲಿಸುವುದಂತೆ. ಅದಕ್ಕೆ ದಿಕ್ಕೆಟ್ಟವರಾಗಿ ನಟಿಸುವವರು ಬೇಕಿತ್ತು. ಮೂವತ್ತು ವರ್ಷ ರಂಗದ ಮೇಲೆ ಸತ್ತು ಸತ್ತು ಅಭ್ಯಾಸವಾದ ನಿನ್ನ ಅಮ್ಮನಿಗಿಂತ ಯಾರು ಸಿಗುತ್ತಾರೆ?

ಮೇಲಿನ ಮಹಡಿಯ ಹಳೆಯ ಉಗ್ರಾಣವನ್ನು ಮನೆಯ ಹಾಗೆ ಮಾಡಿದ್ದಾರೆ. ಒಂದು ಒಲೆ, ಒಂದು ಮಂಚ, ಒಂದು ಕಿಟಕಿ. ನಡುವೆ ಗೋಡೆಯಿಲ್ಲದ ಬಾಗಿಲೊಂದು ತನ್ನಷ್ಟಕ್ಕೆ ನಿಂತಿದೆ. ಮೊದಲ ದಿನ ನಾನು ಬಾಗಿಲು ಹಾಕಿಕೊಂಡು ಕೂತರೆ, ಒಬ್ಬ ಕಾನ್‌ಸ್ಟೆಬಲ್ ಪಕ್ಕದಿಂದ ಸುತ್ತಿ ಬಂದು "ಅಮ್ಮ, ಬಾಗಿಲು ತೆಗೀರಿ" ಅಂದ. ಕಲಿಸುವ ಮೇಷ್ಟ್ರು ತಲೆ ಚಚ್ಚಿಕೊಂಡರು.

ಯಾಕೆ ಒಪ್ಪಿಕೊಂಡೆ ಎಂದು ಕೇಳುತ್ತೀಯ. ನೀನು ಆ ಊರಿಗೆ ವರ್ಗವಾಗಿ ಹೋದ ಮೇಲೆ ದಿನವಿಡೀ ಏನು ಮಾಡುತ್ತೀಯೆಂದು ಒಂದು ಸಲವೂ ಹೇಳಿಲ್ಲ. ಎದುರು ಬದಿಯಿಂದಾದರೂ ನೋಡೋಣ ಅನ್ನಿಸಿತು.

ನಿನ್ನ ಅಮ್ಮ


ಜೂನ್ ೨೮

ಅಮ್ಮಾ,

ಕಾಗದವನ್ನು ಠಾಣೆಯ ವಿಳಾಸಕ್ಕೆ ಕಳಿಸಿದ್ದೀಯ. ಟಪಾಲು ನೋಡಿಕೊಳ್ಳುವವರು "ಮೇಡಂ, ಯಾರೋ ಕೈಯಲ್ಲೇ ಬರೆದಿದ್ದಾರೆ, ದೂರೇ ಇರಬೇಕು" ಅಂತ ತಂದಿಟ್ಟರು. ಒಂದು ರೀತಿಯಲ್ಲಿ ದೂರೇ. ಮುಂದಿನದನ್ನು ಮನೆಗೆ ಬರೆ.

ನಿನ್ನ ಕೆಲಸದ ಬಗ್ಗೆ ಏನು ಹೇಳಲಿ. ನಿನ್ನ ದಿಕ್ಕೆಟ್ಟವರು ಸಂಜೆ ಮುಖ ತೊಳೆದು ಬಸ್ಸು ಹತ್ತುತ್ತಾರೆ. ನಮ್ಮವರು ಹತ್ತುವುದಿಲ್ಲ.

ಆದರೂ ಕೇಳಿದ್ದೀಯ, ಹೇಳುತ್ತೇನೆ. ಇಲ್ಲಿ ಪೇಟೆಬೀದಿಯಲ್ಲಿ ಬೀಗ ರಿಪೇರಿಯವರೊಬ್ಬರಿದ್ದಾರೆ. ಎಲ್ಲರೂ ಬೀಗದಣ್ಣ ಅಂತಾರೆ. ಅಂಗಡಿ ಅಂದರೆ ಒಂದು ಮಂಚ ಹಿಡಿಯುವಷ್ಟು ಜಾಗ, ಗೋಡೆ ತುಂಬ ಬೀಗದ ಕೈಗಳು, ಮುಂದೆ ಒಂದು ಶಟರ್. ಯಾರಾದರೂ ಒಳಗೆ ಸಿಕ್ಕಿಕೊಂಡರೆ, ಮನೆಯೊಂದರ ಬಾಗಿಲು ತೆರೆಸಬೇಕಾದರೆ ನಮ್ಮ ಠಾಣೆಯವರು ಅವರನ್ನೇ ಕರೆಯುತ್ತಿದ್ದರು. ಈಗ ಬಾಗಿಲು ಹಾಕಿಕೊಂಡು ಒಳಗಿರುವವರು ಅವರೇ. ಅವರ ಬಾಗಿಲಿಗೆ ಯಾರನ್ನು ಕರೆಯುವುದು?

ವರ್ಷಕ್ಕೊಂದೆರಡು ಸಲ ಅವರಿಗೆ ಕಾಯಿಲೆ ಕೆರಳುತ್ತದೆ. ತಾನು ಮಾಡಿಕೊಟ್ಟ ಬೀಗದ ಕೈಗಳಿಗೆಲ್ಲ ಯಾರೋ ನಕಲು ಮಾಡಿಸಿದ್ದಾರೆ, ಊರೆಲ್ಲ ಕಳ್ಳತನವಾಗುತ್ತದೆ, ಎಲ್ಲರೂ ಬಂದು ತನ್ನನ್ನೇ ಹಿಡಿಯುತ್ತಾರೆ ಎಂಬ ಭಯ. ಆಗ ಶಟರ್ ಎಳೆದು ಒಳಗೆ ಕೂರುತ್ತಾರೆ. ಬೀಗದ ಕೈ ಉಜ್ಜುವ ಅರವನ್ನು ತಮ್ಮದೇ ಮಣಿಕಟ್ಟಿಗೆ ಹಿಡಿದು "ಯಾರಾದ್ರೂ ಬಂದ್ರೆ ನೋಡಿ" ಅನ್ನುತ್ತಾರೆ. ಬೇರೆಯವರಿಗೆ ಒಂದು ಗೀರು ಮಾಡಿದವರಲ್ಲ.

ನಾನು ಬರುವ ಮೊದಲು ಒಮ್ಮೆ ನಮ್ಮವರು ಶಟರ್ ಮುರಿದು ಪೇಟೆಯ ನಡುವೆ ಎಳೆದುಕೊಂಡು ಹೋದರಂತೆ. ಬಲಭುಜ ಕಳಚಿತು. ಈಗಲೂ ಆ ಕೈ ಮೇಲೆತ್ತಲಾರರು. ಎರಡನೇ ಸಲ ನಾನಿದ್ದೆ. ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಅವರ ತಂಗಿ ಟೈಲರಕ್ಕ ಶಟರ್‌ಗೆ ಬಾಯಿಟ್ಟು ಮಾತಾಡಿದಳು. ಸಂಜೆಗೆ ಅವರೇ ತೆರೆದರು. ನಾನು ಮಾಡಿದ್ದು ಏನೂ ಇಲ್ಲ, ಜನರನ್ನು ದೂರ ಇಟ್ಟೆ, ಅಷ್ಟೆ.

ನಮ್ಮ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. "ಇಡೀ ದಿನ ಪೇಟೆ ಬಂದ್ ಮಾಡ್ಕೊಂಡು ಕೂರೋಕಾಗಲ್ಲ. ಇನ್ನೊಂದು ಸಲ ಹೀಗಾದ್ರೆ ಮಾತಿಲ್ಲ ಕತೆಯಿಲ್ಲ. ಶಟರ್ ಕತ್ತರಿಸಿ, ಎತ್ತಿಕೊಂಡು ಬನ್ನಿ." ಇದನ್ನು ಟೈಲರಕ್ಕನಿಗೆ ನಾನೇ ಹೇಳಬೇಕಾಯಿತು. ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಇನ್ನೊಂದ್ಸಲ ಹಾಗೆ ಎಳ್ಕೊಂಡು ಹೋದ್ರೆ ನಮ್ಮಣ್ಣ ವಾಪಸ್ ಬರಲ್ಲ ಮೇಡಂ. ಮೈ ಬರಬಹುದು" ಅಂದಳು.

ಇದೇ ನನ್ನ ಕೆಲಸ.

ನಿನ್ನ ಮಗಳು


ಜುಲೈ ೧೧

ಪುಟ್ಟೀ,

ನಿನ್ನ ಕಾಗದ ಓದಿದ ಮೇಲೆ ತರಗತಿಯಲ್ಲಿ ಮಂಚದ ಮೇಲೆ ಕೂತು ಅಳುವುದಕ್ಕೆ ಸಂಕೋಚವಾಯಿತು. ಆದರೂ ಅತ್ತೆ. ಅಷ್ಟರಲ್ಲಿ ನನ್ನೊಳಗೆ ಏನಾಗುತ್ತದೆ ಎಂದು ನೋಡುವ ಚಪಲ ಹತ್ತಿಬಿಟ್ಟಿತ್ತು.

ಇಲ್ಲಿ ನನಗೆ ಬರೆದು ಕೊಟ್ಟ ಮಾತುಗಳಿಲ್ಲ. ಮೇಷ್ಟ್ರು ಹೇಳುವುದಿಷ್ಟೇ: "ನಿಮಗೆ ನಿಜವಾಗಿಯೂ ಸಮಾಧಾನ ಅನ್ನಿಸಿದ್ರೆ ಕತ್ತಿ ಕೆಳಗಿಡಿ, ಇಲ್ಲದಿದ್ರೆ ಬೇಡ." ಕತ್ತಿಯೆಂದರೆ ಬೆಳ್ಳಿಕಾಗದ ಸುತ್ತಿದ ರಟ್ಟು. ಆದರೆ ನೋಡು, ಆ ರಟ್ಟನ್ನು ಕೆಳಗಿಡುವುದು ಎಷ್ಟು ಕಷ್ಟ. "ಶಾಂತವಾಗಿರಿ" ಅಂದರೆ ಸಾಕು, ಎದೆ ಡವಗುಟ್ಟಲು ಶುರು. ನಾನೆಲ್ಲಿ ಅಶಾಂತಳಾಗಿದ್ದೆ ಅನ್ನಿಸಿ ರೇಗುತ್ತದೆ. "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ" ಅಂದ ಹುಡುಗಿಗೆ "ಏನು ಅರ್ಥವಾಯ್ತು, ಹೇಳು ನೋಡೋಣ" ಅಂದೆ. ಪಾಪ, ಅವಳು ಅತ್ತುಬಿಟ್ಟಳು. ನಾನೇ ಸಮಾಧಾನ ಮಾಡಬೇಕಾಯಿತು. ಮೇಷ್ಟ್ರು ಯಾರಿಗೆ ಅಂಕ ಕೊಟ್ಟರೋ ತಿಳಿಯದು.

ಒಬ್ಬನಿದ್ದಾನೆ, ಮೀಸೆ. ಆಳು ಬಾಗಿಲಿನಷ್ಟು ಅಗಲ, ಮೀಸೆ ಅದಕ್ಕಿಂತ ಒಂದು ಬೆರಳು ಹೆಚ್ಚು. ಮೊದಲು ಲಾರಿ ಓಡಿಸುತ್ತಿದ್ದನಂತೆ. "ಶಾಂತಿ! ಶಾಂತಿ!" ಅಂತ ಪೆರೇಡಿಗೆ ಆಜ್ಞೆ ಕೊಡುವ ಹಾಗೆ ಕೂಗುತ್ತಾನೆ. ಗಾಜು ಅಲುಗಾಡುತ್ತದೆ. ಊಟದ ಹೊತ್ತಿನಲ್ಲಿ ಬಂದು, "ಅಮ್ಮ, ನನ್ನ ದನಿಯೇ ಇಷ್ಟು. ಮನೇಲಿ ಮಗು ನಿದ್ದೆ ಮಾಡಿದ್ರೆ ನನ್ನನ್ನ ಹೊರಗೆ ಕಳಿಸ್ತಾರೆ" ಅಂದ. ಇಂಥವನಿಗೆ ಏನು ಹೇಳುತ್ತೀಯ?

ಬೀಗದಣ್ಣನ ಬಗ್ಗೆ ಇನ್ನಷ್ಟು ಬರೆ. ಹೇಗೆ ಮಾತಾಡುತ್ತಾರೆ? ದನಿ ಏರಿಸುತ್ತಾರೋ, ಇಳಿಸುತ್ತಾರೋ? ಒಳಗಿನಿಂದ ನಿಮ್ಮನ್ನು ನೋಡುತ್ತಾರೋ? ಅಂಥ ಒಬ್ಬರನ್ನು ಇಲ್ಲಿ ಮಾಡಿ ನೋಡಬೇಕೆಂದಿದ್ದೇನೆ.

ಅಮ್ಮ


ಆಗಸ್ಟ್ ೩

ಅಮ್ಮಾ,

ಅವರು ಪಾತ್ರ ಅಲ್ಲ. ಮೂರು ವಾರ ಬರೆಯದೆ ಇದ್ದದ್ದಕ್ಕೆ ಅದೇ ಕಾರಣ.

ಆಮೇಲೆ ಯೋಚಿಸಿದೆ. ನಿನ್ನ ಹುಡುಗರಲ್ಲಿ ಯಾರಾದರೂ ನಾಳೆ ಇಂಥದೇ ಶಟರ್ ಮುಂದೆ ನಿಲ್ಲುತ್ತಾರೆ. ತಿಳಿದಷ್ಟು ತಿಳಿಯಲಿ.

ದನಿ ಏರಿಸುವುದಿಲ್ಲ. ತುಂಬ ಮರ್ಯಾದೆಯಿಂದ, ಗಿರಾಕಿಗಳ ಹತ್ತಿರ ಮಾತಾಡುವ ಹಾಗೆಯೇ ಮಾತಾಡುತ್ತಾರೆ. "ಇವತ್ತು ಅಂಗಡಿ ಇಲ್ಲ, ದಯವಿಟ್ಟು ಹೋಗಿ." ಅದೇ ಹೆದರಿಕೆ ಹುಟ್ಟಿಸುವುದು. ಶಟರ್‌ನಲ್ಲಿ ಕಣ್ಣಿನ ಮಟ್ಟಕ್ಕೆ ಅವರೇ ಕೊರೆದ ತೂತೊಂದಿದೆ, ಅಲ್ಲಿಂದ ನೋಡುತ್ತಾರೆ. ನಾವು ನೋಡಿದರೆ ಕಪ್ಪು ಚುಕ್ಕೆ ಮಾತ್ರ ಕಾಣುತ್ತದೆ, ಆದರೆ ಅದರ ಹಿಂದೆ ಯಾರೋ ಇರುವುದು ಚೆನ್ನಾಗಿ ತಿಳಿಯುತ್ತದೆ.

ಆರೋಗ್ಯವಾಗಿರುವಾಗ ಅವರ ಹತ್ತಿರ ಹೋಗಿ ಕೂರುವುದು ನನಗೆ ಅಭ್ಯಾಸವಾಗಿದೆ. ಹೋದ ವಾರ ಠಾಣೆಯ ಕಪಾಟಿನ ಬೀಗ ಸರಿಮಾಡಿಸಲು ಹೋಗಿದ್ದೆ. "ಮೇಡಂ, ಪೊಲೀಸರ ಬೀಗದಷ್ಟು ಕೆಟ್ಟ ಬೀಗ ಊರಲ್ಲೇ ಇಲ್ಲ. ಕಳ್ಳರು ನಿಮ್ಮಲ್ಲಿಗೆ ಬರಲ್ಲ ಅಂತ ಧೈರ್ಯ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ, ಬೀಗವನ್ನೇ ನೋಡುತ್ತಿದ್ದರು.

ನಿನ್ನನ್ನೂ ಒಂದು ಕೇಳಬೇಕು. ನಾನು ಚಿಕ್ಕವಳಿದ್ದಾಗ ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಮೂರು ದಿನ ಒಳಗೇ ಇರುತ್ತಿದ್ದರಲ್ಲ, ಆಗ ನೀನು ಹೊರಗೆ ನಿಂತು ಏನು ಹೇಳುತ್ತಿದ್ದೆ? ನನಗೆ ನಿನ್ನ ದನಿ ನೆನಪಿದೆ, ಮಾತು ನೆನಪಿಲ್ಲ.

ನಿನ್ನ ಮಗಳು


ಆಗಸ್ಟ್ ೧೯

ಪುಟ್ಟೀ,

ಒಂದು ಸಂಭ್ರಮದ ಸುದ್ದಿ. ನಾವು ಗೋಡೆಯಿಲ್ಲದ ಬಾಗಿಲಿಗೆ ಪರದೆ ಇಳಿಬಿಟ್ಟು, ತೂತೊಂದು ಮಾಡಿ, ನಿನ್ನ ಶಟರ್ ಕಟ್ಟಿದೆವು. ನಾನು ಒಳಗೆ. ಮರ್ಯಾದೆಯಿಂದಲೇ "ದಯವಿಟ್ಟು ಹೋಗಿ" ಅಂದೆ. ಒಬ್ಬೊಬ್ಬರೇ ಬಂದು ಸೋತು ಹೋದರು. ಕೊನೆಗೆ ಮೀಸೆ ಬಂದ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಆ ದೊಡ್ಡ ಮೈಯನ್ನು ಮಡಚಿಕೊಂಡು ಬಾಗಿಲ ಬುಡದಲ್ಲಿ ನೆಲದ ಮೇಲೆ ಕೂತುಬಿಟ್ಟ. ಒಂದು ಮಾತಿಲ್ಲ. ನನಗೆ ಏನಾಯಿತೋ, ಕಣ್ಣು ತುಂಬಿ ಬಂತು. ರಟ್ಟು ಕೈಯಿಂದ ಜಾರಿತು. ಬಾಗಿಲು ತೆರೆದೆ.

ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ಹೊಡೆದರು. ಈಗ ಎಲ್ಲರಿಗೂ ಬಂದುಬಿಟ್ಟಿದೆ. ಒಬ್ಬರಾದ ಮೇಲೊಬ್ಬರು ಬಂದು ಕೂರುತ್ತಾರೆ, ದನಿ ತಗ್ಗಿಸುತ್ತಾರೆ, ನಾನು ತೆರೆಯುತ್ತೇನೆ. ಅಳುತ್ತಿದ್ದ ಹುಡುಗಿಯೂ ತೇರ್ಗಡೆ. ಕಲಿಯುವುದು ಕಣ್ಣೆದುರೇ ನಡೆಯುವಾಗ ನೋಡುವುದಿದೆಯಲ್ಲ, ಅಂಥ ಸುಖ ನನಗೆ ನಾಟಕದಲ್ಲೂ ಸಿಕ್ಕಿರಲಿಲ್ಲ.

ಇನ್ನೂ ಕೇಳು, ಮೀಸೆಯನ್ನು ನಿನ್ನ ಠಾಣೆಗೇ ಹಾಕಿದ್ದಾರೆ. ನಾನು ಯಾರ ಅಮ್ಮ ಎಂದು ಅವನಿಗೆ ಹೇಳಿಲ್ಲ. ಚೆನ್ನಾಗಿ ನೋಡಿಕೋ.

ಅಮ್ಮ


ಸೆಪ್ಟೆಂಬರ್ ೨೨

ಅಮ್ಮಾ,

ಬೀಗದಣ್ಣ ಆಸ್ಪತ್ರೆಯಲ್ಲಿದ್ದಾರೆ. ಬದುಕಿದ್ದಾರೆ. ಅದನ್ನು ಮೊದಲೇ ಬರೆದುಬಿಡುತ್ತೇನೆ.

ಹೋದ ಮಂಗಳವಾರ ನಾನು ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದೆ. ಶಟರ್ ಮುಚ್ಚಿದೆ ಎಂದು ಟೈಲರಕ್ಕ ಫೋನ್ ಮಾಡಿದಾಗ ಠಾಣೆಯಲ್ಲಿದ್ದವನು ಮೀಸೆ. ಸಾಹೇಬರು ಬರುವ ಮೊದಲೇ ಮುಗಿಸಿಬಿಡಬೇಕೆಂದು ಓಡಿದ. ಕಲಿಸಿದ್ದೆಲ್ಲ ಮಾಡಿದ. ಜನರನ್ನು ಚೆದುರಿಸಿದ. ಟೋಪಿ ತೆಗೆದ. ದನಿ ತಗ್ಗಿಸಿದ, ಅವನಿಗೆ ಅದೆಷ್ಟು ಕಷ್ಟ ಎಂದು ನಿನಗೆ ಗೊತ್ತು. ಆಮೇಲೆ ಶಟರ್ ಬುಡದಲ್ಲಿ ನೆಲದ ಮೇಲೆ ಕೂತ.

ಶಟರ್‌ನ ಬೀಗ ಎಲ್ಲಿರುತ್ತದೆ, ಅಮ್ಮ? ನೆಲಕ್ಕೆ ತಾಗಿಕೊಂಡು. ಒಬ್ಬ ಬೀಗದವನ ಶಟರ್ ಮುಂದೆ ಮಾತಿಲ್ಲದೆ ಯಾರಾದರೂ ನೆಲಕ್ಕೆ ಕೂತರೆ ಏನೆಂದು ಅರ್ಥ? ತೂತಿನಿಂದ ನೋಡುತ್ತಿದ್ದವರಿಗೆ ಒಂದು ಮುಖ ಕಂಡಿತು, ತಲೆ ಕಂಡಿತು, ಮತ್ತೆ ಏನೂ ಕಾಣಲಿಲ್ಲ. ಇಷ್ಟು ದಿನ ಹೆದರಿದ್ದು ಬಂದೇ ಬಂತು. "ಬೀಗಕ್ಕೆ ಕೈ ಹಾಕಿದ್ರು, ಬೀಗಕ್ಕೆ ಕೈ ಹಾಕಿದ್ರು" ಅಂತ ಕೂಗಿದರಂತೆ. ಅರವನ್ನು ಎಡಗೈಗೆ ಎಳೆದುಕೊಂಡರು. ಕಳ್ಳನನ್ನು ಓಡಿಸಲು ತಾವೇ ಶಟರ್ ಎತ್ತಿ ಮೀಸೆಯ ಮೇಲೆ ಬಿದ್ದರು. ಮೀಸೆ ತನ್ನ ಅಂಗಿ ಹರಿದು ಗಾಯಕ್ಕೆ ಕಟ್ಟಿ, ಅವರನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದ. ಬೀಗದಣ್ಣನಿಗೆ ಎರಡು ಬೆರಳು ಇನ್ನೂ ಮಡಚಲು ಬರುತ್ತಿಲ್ಲ.

ನಾನು ಬಂದಾಗ ಅವನು ಠಾಣೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. "ಅಲ್ಲಿ ಒಬ್ಬರು ಅಮ್ಮ ಇದ್ರು ಮೇಡಂ. ಅವರ ಹತ್ತಿರ ಕೂತ್ರೆ ಆಗ್ತಿತ್ತು. ಪ್ರತಿ ಸಲ ಆಗ್ತಿತ್ತು" ಅಂದ. ಆ ಅಮ್ಮ ನನ್ನ ಅಮ್ಮ ಎಂದು ನಾನು ಹೇಳಲಿಲ್ಲ.

ಸಾಹೇಬರು ಶಟರ್ ಕತ್ತರಿಸುವ ಯಂತ್ರಕ್ಕೆ ಅಗ್ನಿಶಾಮಕದವರ ಹತ್ತಿರ ಮಾತಾಡಿಟ್ಟಿದ್ದಾರೆ. ಅವರಿಗೆ ಎದುರು ಹೇಳಲು ಈಗ ನನ್ನ ಹತ್ತಿರ ಏನೂ ಇಲ್ಲ.

ಪ್ರತಿ ಸಲ ಯಾಕೆ ತೆರೆಯುತ್ತಿದ್ದೆ, ಅಮ್ಮ? ಸಿಟ್ಟಿನಿಂದ ಕೇಳುತ್ತಿಲ್ಲ. ಸಿಟ್ಟು ಇದೆ, ಅದು ಬೇರೆ. ನಿಜವಾಗಿಯೂ ತಿಳಿಯಬೇಕು.


ಸೆಪ್ಟೆಂಬರ್ ೩೦

ಪುಟ್ಟೀ,

ಕಾಗದದ ಕೊನೆಗೆ ಈ ಸಲ ನೀನು "ನಿನ್ನ ಮಗಳು" ಅಂತ ಹಾಕಿರಲಿಲ್ಲ.

ಅದನ್ನು ಹಿಡಿದುಕೊಂಡೇ ಮೇಷ್ಟ್ರ ಹತ್ತಿರ ಹೋದೆ. ಓದಿ ಕನ್ನಡಕ ತೆಗೆದಿಟ್ಟರು. "ಕೂತವರಿಗೆಲ್ಲ ನೀವು ತೆರೀತಿದ್ದದ್ದು ನಾನೂ ನೋಡಿದ್ದೆ. ವಿದ್ಯೆ ಫಲ ಕೊಡ್ತಿದೆ ಅಂದ್ಕೊಂಡೆ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಕ್ಯಾಂಟೀನಿನಲ್ಲಿ ಹುಡುಗರು ಒಬ್ಬರಿಗೊಬ್ಬರು "ಕೂತುಬಿಡು, ಅಮ್ಮ ಕರಗ್ತಾರೆ" ಅಂತ ಹೇಳಿಕೊಡುತ್ತಿದ್ದರಂತೆ. ಅವರು ಕಲಿತದ್ದು ನನ್ನೊಬ್ಬಳನ್ನು. ಇಡೀ ಊರಿನ ದುಃಖವನ್ನು ತೆರೆಯಲು ನನ್ನ ಬೀಗದ ಕೈ ಹಿಡಿದುಕೊಂಡು ಹೊರಟರು.

ಯಾಕೆ ತೆರೆಯುತ್ತಿದ್ದೆ ಎಂದು ಕೇಳಿದ್ದೀಯ. ಹೋದ ತಿಂಗಳು ನಿನ್ನಪ್ಪನ ಬಗ್ಗೆಯೂ ಕೇಳಿದ್ದೆ, ಅದನ್ನು ನಾನು ಹಾರಿಸಿಬಿಟ್ಟೆ. ಎರಡಕ್ಕೂ ಉತ್ತರ ಒಂದೇ ಇರಬೇಕು.

ನಿನ್ನಪ್ಪ ಬಾಗಿಲು ಹಾಕಿಕೊಂಡಾಗ ನಾನು ಎಲ್ಲ ದನಿಯಲ್ಲೂ ಕರೆದು ನೋಡಿದ್ದೇನೆ. ಬೇಡಿದೆ, ಗದರಿದೆ, ನಗಿಸಲು ನೋಡಿದೆ. ನಾನು ಏನು ಹೇಳಿದರೂ ಅವರಿಗೆ ಅದು ರಂಗದ ಮಾತಾಗಿ ಕೇಳುತ್ತಿತ್ತು. "ಇದು ಯಾವ ನಾಟಕದ್ದು?" ಅಂತ ಒಳಗಿನಿಂದ ಕೇಳುತ್ತಿದ್ದರು. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳುತ್ತಿದ್ದರು. ನನ್ನ ಸ್ವಂತ ದನಿ ಯಾವುದೆಂದು ನನಗೇ ತಿಳಿಯದೆ, ತಾಲೀಮಿದೆ ಅಂತ ಹೊರಟುಹೋಗುತ್ತಿದ್ದೆ. ಸಂಜೆ ಬಂದರೆ ನೀನು ಆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿರುತ್ತಿದ್ದೆ. ಒಂದು ಮಾತಿಲ್ಲದೆ ಕಾಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ತೆರೆಯುತ್ತಿದ್ದರು. ನನಗಲ್ಲ, ನಿನಗೆ.

ಮೀಸೆ ಕೂತಾಗ ನನಗೆ ಕಂಡದ್ದು ಮೀಸೆಯಲ್ಲ.

ಬೀಗದಣ್ಣನನ್ನು ಹೋಗಿ ನೋಡಲೇ? ಬೇಡವೆಂದರೆ ಬರುವುದಿಲ್ಲ.

ಅಮ್ಮ


ಅಕ್ಟೋಬರ್ ೨೬

ಅಮ್ಮಾ,

ಬರಬೇಡ. ನೀನು ಬಂದರೆ ಎಲ್ಲರೂ ನಿನ್ನನ್ನೇ ನೋಡುತ್ತಾರೆ. ಇದನ್ನು ಪ್ರೀತಿಯಿಂದಲೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಎರಡು ಸಲ ಓದಿದೆ. ಆಮೇಲೆ ನಗು ಬಂತು. ನಾನು ಕಾಯುತ್ತಿರಲಿಲ್ಲ, ಅಮ್ಮ. ಅಪ್ಪ ಬಾಗಿಲ ಕೆಳಗಿನ ಸಂದಿಯಿಂದ ಬಣ್ಣದ ಪೆನ್ಸಿಲ್ ಹೊರಗೆ ತಳ್ಳುತ್ತಿದ್ದರು. ನಾನು ಕಾಗದದಲ್ಲಿ ಏನಾದರೂ ಗೀಚಿ ಒಳಗೆ ತಳ್ಳುತ್ತಿದ್ದೆ. ಅವರು ಅದಕ್ಕೆ ಬಾಲವೋ ಕಿವಿಯೋ ಸೇರಿಸಿ ಮತ್ತೆ ಈಚೆ. ಇಡೀ ಮಧ್ಯಾಹ್ನ ಅದೇ ಆಟ. ನಿನ್ನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಎಲ್ಲ ಬಚ್ಚಿಡುತ್ತಿದ್ದೆವು. ಆಟದಲ್ಲಿ ಅದೂ ಒಂದು ಭಾಗ ಅಂದುಕೊಂಡಿದ್ದೆ. ನೀನು ನಿಂತು ನೋಡಿ ಇಷ್ಟು ವರ್ಷ ಮನಸ್ಸಿನಲ್ಲಿ ಬೇರೇನೋ ಎತ್ತಿಟ್ಟುಕೊಂಡಿದ್ದೀಯೆಂದು ನನಗೇನು ಗೊತ್ತು.

ಬೀಗದಣ್ಣ ಈಗ ಮನೆಯಲ್ಲಿದ್ದಾರೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾತ್ರೆಯಿಂದ ಕೈ ನಡುಗುತ್ತದೆ, ಅರ ಹಿಡಿಯಲಾಗುವುದಿಲ್ಲ ಎಂದು ಆಗಾಗ ಬಿಡುತ್ತಾರೆ. ಟೈಲರಕ್ಕ ಕಾವಲು ಕಾಯುತ್ತಾಳೆ. ಆಸ್ಪತ್ರೆಯಲ್ಲಿದ್ದಾಗ ಮೀಸೆ ದಿನಾ ಹೋಗಿ ಬಾಗಿಲ ಹೊರಗೆ ನಿಂತು ಬರುತ್ತಿದ್ದ. ಒಂದು ದಿನ ನಾನು ಒಳಗೆ ಹೋದೆ.

"ನಿಮ್ಮ ಮೀಸೆಯವರು ತಪ್ಪು ಜಾಗದಲ್ಲಿ ಕೂತ್ರು ಮೇಡಂ."

"ಸರಿಯಾದ ಜಾಗ ಯಾವುದು?"

"ಈಗ ಹೇಗೆ ಹೇಳಲಿ? ಈಗ ಚೆನ್ನಾಗಿದ್ದೀನಲ್ಲ."

"ಮತ್ತೆ ನಮಗೆ ಗೊತ್ತಾಗೋದು ಹೇಗೆ?"

"ಆಗಲೇ ಕೇಳಿ."

"ಆಗ ನೀವು ಹೋಗಿ ಅಂತೀರಿ."

ಸ್ವಲ್ಪ ಹೊತ್ತು ಕಟ್ಟು ಹಾಕಿದ ಕೈ ನೋಡಿಕೊಂಡರು. "ಅಂತೀನಿ. ಎಷ್ಟು ದೂರ ಅಂತ ಕೇಳಿ."

ನಿನ್ನ ಮಗಳು


ನವೆಂಬರ್ ೮

ಪುಟ್ಟೀ,

ಪೆನ್ಸಿಲಿನ ವಿಷಯ ಓದಿ, ಕಾಗದ ಮಡಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಬಂದು ಮತ್ತೆ ಓದಿದೆ. ಯಾವ ಯಾವ ಬಣ್ಣ?

ತರಗತಿಯಲ್ಲಿ ಈಗ ಕೂತವರಿಗೆ ನಾನು ತೆರೆಯುವುದಿಲ್ಲ. ನಿಂತವರಿಗೂ ತೆರೆಯುತ್ತೇನೆಂದಿಲ್ಲ. ಹುಡುಗರು ತಬ್ಬಿಬ್ಬಾಗಿದ್ದಾರೆ. ಮೊನ್ನೆ ಮೇಷ್ಟ್ರು ಹೇಳಿಕೊಟ್ಟರೆಂದು ಒಬ್ಬ ದೂರದಲ್ಲೇ ನಿಂತು "ಅಮ್ಮ, ನಾನೆಲ್ಲಿ ನಿಲ್ಲಲಿ?" ಎಂದು ಕೇಳಿದ. ನೀನಿಲ್ಲಿ ನಿಲ್ಲು, ನೀನಲ್ಲಿ ನಿಲ್ಲು ಎಂದು ನನಗೆ ಹೇಳಿದವರು ಬೇಕಾದಷ್ಟು ಜನ. ಎದುರಿಗಿದ್ದವರು ಎಲ್ಲಿ ನಿಲ್ಲಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕಿಟಕಿಯ ಹತ್ತಿರ ಅಂದೆ. ಹೋಗಿ ನಿಂತ. ಗಂಟೆ ಹೊಡೆಯುವವರೆಗೆ ನಾನು ತೆರೆಯಲಿಲ್ಲ. ಮೇಷ್ಟ್ರು ಅವನನ್ನು ಪಾಸು ಮಾಡಿದರು.

ಅಮ್ಮ


ಡಿಸೆಂಬರ್ ೧೯

ಅಮ್ಮಾ,

ಹಸಿರು ಹೆಚ್ಚು. ಕೆಂಪು ನಾನು ಕೇಳಿದರೆ ಮಾತ್ರ.

ಸೋಮವಾರ ಬೆಳಗ್ಗೆ ಬೀಗದಣ್ಣನ ಶಟರ್ ಮುಚ್ಚಿತು. ನಾನು ಹೋಗುವಷ್ಟರಲ್ಲಿ ಸಾಹೇಬರ ಜೀಪು ಅಲ್ಲಿತ್ತು. ಕತ್ತರಿಸುವ ಯಂತ್ರ ಪಕ್ಕದ ಊರಿನಿಂದ ಹೊರಟಿತ್ತು. "ಅದು ಬರೋವರೆಗೆ ನಿಮಗೆ ಬಿಟ್ಟಿದ್ದೀನಿ. ಬಂದ ಮೇಲೆ ನನಗೆ ಬಿಡಿ" ಅಂದರು. ಕೆಟ್ಟವರಲ್ಲ, ಅಮ್ಮ. ಹೋದ ಸಲದ ರಕ್ತ ಅವರೂ ನೋಡಿದ್ದರು.

ಟೈಲರಕ್ಕ ತನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಮೀಸೆಯನ್ನು ಬೀದಿಯ ಕೊನೆಗೆ ಕಳಿಸಿದೆ, ಜನ ಈಚೆ ಬರದಂತೆ. ತೂತಿಗೆ ಕಾಣುವ ಹಾಗೆ ರಸ್ತೆಯ ನಡುವೆ ನಿಂತು, ಯಾರೆಂದು ಹೇಳಿದೆ.

"ಇವತ್ತು ಅಂಗಡಿ ಇಲ್ಲ ಮೇಡಂ, ದಯವಿಟ್ಟು ಹೋಗಿ."

"ಎಷ್ಟು ದೂರ ಹೋಗಲಿ?"

"ಹಿಂದೆ."

ಎರಡು ಹೆಜ್ಜೆ ಹಿಂದೆ ಹೋದೆ. "ಇಷ್ಟು ಸಾಕಾ?"

"ಇನ್ನೂ."

ಹೀಗೇ ಕೇಳುತ್ತಾ ಎದುರಿನ ಜಗಲಿ ಹತ್ತಿದೆ. ಜಗಲಿಯಾದ ಮೇಲೆ ಕನ್ನಡಕದ ಅಂಗಡಿ. "ಇನ್ನೂ" ಅಂದರು. ಬೆನ್ನು ಮುಂದಾಗಿ ಬಾಗಿಲು ದೂಡಿಕೊಂಡು ಒಳಗೆ ಹೋದೆ. ಅಂಗಡಿಯವರು ಗಾಬರಿಯಲ್ಲಿ "ಕಣ್ಣು ಪರೀಕ್ಷೆನಾ ಮೇಡಂ?" ಅಂದರು. ಸಾಹೇಬರು ಜೀಪಿನಿಂದ ನನ್ನನ್ನೇ ನೋಡುತ್ತಿದ್ದರು, ಇವಳಿಗೂ ತಲೆ ಕೆಟ್ಟಿತು ಅನ್ನುವ ಹಾಗೆ. ನಿಜ ಹೇಳಲಾ, ನನಗೂ ಹಾಗೇ ಅನ್ನಿಸಿತು. ಸುತ್ತ ನೂರು ಕನ್ನಡಕ, ಎಲ್ಲದರಲ್ಲೂ ನಾನು. ಹಿಂದೆ ಗೋಡೆ. ಇನ್ನು ಹೋಗಲು ಜಾಗವಿರಲಿಲ್ಲ. ಆ ಕಡೆಯ ರಸ್ತೆಯಲ್ಲಿ ಯಂತ್ರದ ಗಾಡಿಯ ಗಂಟೆ ಕೇಳಿಸಿತು.

"ಬೀಗದಣ್ಣ, ಇಲ್ಲಿದ್ದೀನಿ. ಸರಿಯಾಯ್ತಾ?" ಅಂತ ಕೂಗಿದೆ.

ಅವರು ಏನೋ ಹೇಳಿದರು. ನನಗೆ ಕೇಳಲಿಲ್ಲ. "ಕೇಳ್ತಿಲ್ಲ" ಅಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ. ಮತ್ತೆ ಏನೋ ಅಂದರು. ನಾನು ಕಿವಿಗೆ ಕೈ ಹಿಡಿದು ತಲೆಯಾಡಿಸಿದೆ.

ಶಟರ್ ಕಿರ್ರೆಂದು ಮೊಣಕಾಲಿನಷ್ಟು ಮೇಲೆ ಹೋಯಿತು. ಅದರಡಿ ಅವರ ಮುಖ ಕಾಣಿಸಿತು, ನೆಲಕ್ಕೆ ಕೆನ್ನೆ ಇಟ್ಟುಕೊಂಡು.

"ಅಲ್ಲಿಂದ ಹೇಗೆ ಕೇಳುತ್ತೆ, ಹತ್ತಿರ ಬನ್ನಿ."

ಒಂದೊಂದು ಹೆಜ್ಜೆಗೂ ಕೇಳುತ್ತಲೇ ಬಂದೆ. ಸಾಹೇಬರು ಕೈಯೆತ್ತಿ ಗಾಡಿಯನ್ನು ಮೂಲೆಯಲ್ಲೇ ನಿಲ್ಲಿಸಿದರು. ಆಮೇಲೆ ಆದದ್ದು ಹೆಚ್ಚೇನಲ್ಲ. ಬೀಗದ ಕೈಗಳನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ನೀವೇ ಹೇಳಿ ಅಂದೆ. ತಂಗಿ ಅಂದರು. ಅರವನ್ನು ಗೂಡಿನಲ್ಲಿಟ್ಟು ಹೊರಗೆ ಬಂದರು. ನಾನೇ ಬೀಗ ಹಾಕುತ್ತೇನೆ, ಎಲ್ಲರ ಎದುರು ಹಾಕುತ್ತೇನೆ ಎಂದರು. ಶಟರ್ ಪೂರ್ತಿ ಇಳಿಸಲು ಭುಜ ಬಿಡಲಿಲ್ಲ, ಟೈಲರಕ್ಕ ಜೊತೆಗೂಡಿ ಎಳೆದಳು. ಬೀಗ ಹಾಕಿ, ಅದರ ಬೀಗದ ಕೈಯನ್ನು ಅವಳಿಗೆ ಕೊಟ್ಟು, ಆಸ್ಪತ್ರೆಗೆ ನಡೆದುಕೊಂಡೇ ಹೊರಟರು. ಯಾರೂ ಅವರ ಮೈ ಮುಟ್ಟಲಿಲ್ಲ. ಸಾಹೇಬರು "ಸರಿ, ರಸ್ತೆ ಬಿಡಿ" ಅಂದರು, ಅಷ್ಟೆ.

ನೀನು ಕೇಳುವ ಪ್ರಶ್ನೆ ಗೊತ್ತು. ದಾರಿಯಲ್ಲಿ ನಾನೂ ಕೇಳಿದೆ: "ಯಾಕೆ ತೆರೆದ್ರಿ?"

"ಹಿಂದೆ ಹೋಗಿ ಅಂದೆ, ಹೋಗ್ತಾನೇ ಇದ್ರಿ. ಪೂರ್ತಿ ಹೋಗಿಬಿಡ್ತೀರೇನೋ ಅಂತ ಭಯ ಆಯ್ತು."

ಮುಂದಿನ ಸಲ ಏನಾಗುತ್ತದೋ ಗೊತ್ತಿಲ್ಲ. ಮುಂದಿನ ಸಲ ಇರುತ್ತದೆ ಎಂದು ವೈದ್ಯರೂ ಹೇಳಿದ್ದಾರೆ. ಅಲ್ಲಿಯವರೆಗೆ ಒಂದು ಉಪಕಾರ ಮಾಡು. ಇದನ್ನು ತರಗತಿಯಲ್ಲಿ ಹೇಳಬೇಡ. ಹೇಳಿದೆಯೋ, ನಾಳೆಯಿಂದ ನಿನ್ನ ಹುಡುಗರೆಲ್ಲ ಹಿಂದಕ್ಕೆ ನಡೆಯಲು ಶುರುಮಾಡುತ್ತಾರೆ.

ನಿನ್ನ ಪುಟ್ಟಿ